ಬೀಗದ ಕೈ ಯಾರ ಹತ್ತಿರ ಇದೆ?

ಗುಂಡೇಟು ಬಿದ್ದವರನ್ನು ಉಳಿಸುವುದು ಹೇಗೆ ಅನ್ನುವುದನ್ನು ಅಮೆರಿಕದ ವೈದ್ಯಕೀಯ ಶಿಕ್ಷಣ ಚೆನ್ನಾಗಿಯೇ ಕಲಿಸುತ್ತದೆ. ರಕ್ತ ಎಲ್ಲಿಂದ ಹೋಗುತ್ತಿದೆ, ಎದೆಗೆ ಟ್ಯೂಬ್ ಯಾವಾಗ ಹಾಕಬೇಕು, ಸ್ಕ್ಯಾನ್‌ಗೆ ಕಾಯದೆ ನೇರವಾಗಿ ಆಪರೇಷನ್ ಥಿಯೇಟರಿಗೆ ಒಯ್ಯಬೇಕಾದವರು ಯಾರು, ಇವೆಲ್ಲ ಟ್ರಾಮಾ ಸೆಂಟರಿನಲ್ಲಿ ದುಡಿಯುವ ಹುಡುಗರಿಗೆ ನಿದ್ದೆಗಣ್ಣಿನಲ್ಲೂ ಬರುತ್ತದೆ. ಆದರೆ 2023ರಲ್ಲಿ ಈ ದೇಶದಲ್ಲಿ ಗುಂಡಿನಿಂದ ಸತ್ತ 46,728 ಜನರಲ್ಲಿ 27,000ಕ್ಕೂ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಅವರಲ್ಲಿ ಬಹುಪಾಲು ಮಂದಿಗೆ ಟ್ರಾಮಾ ಸೆಂಟರಿನ ಮೇಜು ಸಿಗುವುದೇ ಇಲ್ಲ. ಅವರನ್ನು ಕೊನೆಯದಾಗಿ ನೋಡಿದ ಡಾಕ್ಟರು ಎಷ್ಟೋ ಸಲ ನಮ್ಮಂಥ ಫ್ಯಾಮಿಲಿ ಡಾಕ್ಟರೇ ಆಗಿರುತ್ತಾರೆ. ಬಿಪಿ ಮಾತ್ರೆ ಮುಗಿಯಿತು ಅಂತ ಬಂದಿರುತ್ತಾರೆ, ನಿದ್ದೆ ಬರುತ್ತಿಲ್ಲ, ಬೆನ್ನುನೋವು ಅಂತ ಬಂದಿರುತ್ತಾರೆ. ಆ ಹದಿನೈದು ನಿಮಿಷದಲ್ಲಿ ಮನೆಯಲ್ಲಿರುವ ಬಂದೂಕಿನ ಸುದ್ದಿ ಎತ್ತುವುದು ಹೇಗೆಂದು ಕಲಿಸುವುದೇ ನನ್ನ ಕೆಲಸದ ಒಂದು ಭಾಗ. ಈ ಬರಹ ಅದರ ಬಗ್ಗೆ.

ನಾನಿರುವುದು ಮಿಸ್ಸೂರಿಯ ಹಳ್ಳಿಗಾಡಿನಲ್ಲಿ. ಫ್ಯಾಮಿಲಿ ಮೆಡಿಸಿನ್ ರೆಸಿಡೆಂಟುಗಳಿಗೆ, ಅಂದರೆ ವೈದ್ಯಕೀಯ ಪದವಿ ಮುಗಿಸಿ ತರಬೇತಿಯಲ್ಲಿರುವ ಕಿರಿಯ ಡಾಕ್ಟರುಗಳಿಗೆ, ಪಾಠ ಹೇಳುತ್ತೇನೆ. ಇಲ್ಲಿ ನವೆಂಬರ್ ಬಂತೆಂದರೆ ಜಿಂಕೆ ಬೇಟೆಯ ಕಾಲ. ಅಜ್ಜನ ರೈಫಲ್ಲು ಮೊಮ್ಮಗನಿಗೆ ಬರುವುದು ಇಲ್ಲಿನ ಕುಟುಂಬಗಳಲ್ಲಿ ಪ್ರೀತಿಯ ಸಂಗತಿ. ಇಂಥ ಊರುಗಳಿಗೆ ರೆಸಿಡೆನ್ಸಿಗೆಂದು ಬರುವವರಲ್ಲಿ ನಮ್ಮ ಕಡೆಯ ಮಕ್ಕಳೂ ಇರುತ್ತಾರೆ. ಅಮೆರಿಕದ ವೈದ್ಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹೊರದೇಶದಲ್ಲಿ ವೈದ್ಯಕೀಯ ಓದಿದವರು. ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಎಂಬಿಬಿಎಸ್ ಮುಗಿಸಿ, ಪರೀಕ್ಷೆಗಳನ್ನೆಲ್ಲ ಒಳ್ಳೆಯ ಅಂಕದಲ್ಲಿ ದಾಟಿ ಬಂದ ಹುಡುಗ ಬಂದೂಕನ್ನು ಬ್ಯಾಂಕಿನ ಕಾವಲುಗಾರನ ಹೆಗಲ ಮೇಲೆ ಬಿಟ್ಟರೆ ಬೇರೆಲ್ಲೂ ಹತ್ತಿರದಿಂದ ನೋಡಿರುವುದಿಲ್ಲ. ಪೇಷೆಂಟಿಗೆ ಸಿಗರೇಟು, ಕುಡಿತ, ಲೈಂಗಿಕ ಜೀವನ ಎಲ್ಲ ಕೇಳುತ್ತಾನೆ. ಬಂದೂಕಿನ ಸಾಲು ಬಂದಾಗ ಮಾತ್ರ ಕಣ್ಣು ಕಂಪ್ಯೂಟರಿನ ಕಡೆಗೆ ಹೋಗುತ್ತದೆ. ಅದು ಇವರ ದೇಶದ ರಾಜಕೀಯ, ವೀಸಾದಲ್ಲಿರುವ ನಾನು ಯಾಕೆ ಬಾಯಿ ಹಾಕಲಿ ಅನ್ನುವ ಅಳುಕು. ಆ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಅದನ್ನು ಹಾಗೇ ಬಿಡುವಂತಿಲ್ಲ.

ಇಲ್ಲೇ ಹುಟ್ಟಿ ಬೆಳೆದವರಿಗೂ ಇದನ್ನು ಯಾರೂ ಕಲಿಸಿರಲಿಲ್ಲ ಅನ್ನುವುದು ಇನ್ನೂ ದೊಡ್ಡ ಸಂಗತಿ. ಅದಕ್ಕೊಂದು ಚರಿತ್ರೆ ಇದೆ. 1990ರ ದಶಕದ ಆರಂಭದಲ್ಲಿ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು, ಮನೆಯಲ್ಲಿ ಬಂದೂಕು ಇದ್ದರೆ ಆ ಮನೆಯವರು ಕೊಲೆಯಾಗುವ, ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ ಹೆಚ್ಚು ಎಂದು ತೋರಿಸಿದರು. ಆ ಸಂಶೋಧನೆಗೆ ಸರ್ಕಾರದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹಣ ಕೊಟ್ಟಿತ್ತು. 1996ರಲ್ಲಿ ಅರ್ಕನ್ಸಾದ ಸಂಸದ ಜೇ ಡಿಕ್ಕಿ ಬಜೆಟ್ಟಿಗೆ ಒಂದು ಸಾಲು ಸೇರಿಸಿದರು: ಗಾಯ ತಡೆಯುವ ಸಂಶೋಧನೆಗೆಂದು ಸಿಡಿಸಿಗೆ ಕೊಟ್ಟ ಹಣವನ್ನು ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ಬಳಸಕೂಡದು. ಸಂಶೋಧನೆ ಮಾಡಬೇಡಿ ಅಂತ ಅದು ಹೇಳಲಿಲ್ಲ. ಆದರೆ ಬಂದೂಕಿನ ಸಂಶೋಧನೆಗೆ ಸಿಡಿಸಿ ಖರ್ಚು ಮಾಡುತ್ತಿದ್ದಷ್ಟೇ ಮೊತ್ತವನ್ನು, 26 ಲಕ್ಷ ಡಾಲರನ್ನು, ಸಂಸತ್ತು ಅಲ್ಲಿಂದ ಕಿತ್ತು ಬೇರೆ ಬಾಬ್ತಿಗೆ ಹಾಕಿತು. ಸೂಚನೆ ಎಲ್ಲರಿಗೂ ತಿಳಿಯಿತು. ಮುಂದಿನ ಎರಡು ದಶಕ ಆ ಕಡೆ ತಲೆ ಹಾಕಿದ ಸಂಶೋಧಕರು ಬೆರಳೆಣಿಕೆಯಷ್ಟು. ಡಿಕ್ಕಿ ಸ್ವತಃ ಮನಸ್ಸು ಬದಲಿಸಿ, ಆ ಕಾಲದಲ್ಲಿ ಸಿಡಿಸಿಯ ಈ ವಿಭಾಗ ನಡೆಸುತ್ತಿದ್ದ ಮಾರ್ಕ್ ರೋಸೆನ್‌ಬರ್ಗ್ ಜೊತೆ ಸ್ನೇಹ ಬೆಳೆಸಿ, ಸಂಶೋಧನೆ ಬೇಕೇ ಬೇಕು ಎಂದು 2012ರಲ್ಲಿ ಇಬ್ಬರೂ ಸೇರಿ ಪತ್ರಿಕೆಯಲ್ಲಿ ಬರೆದರು. ಹಣ ಮತ್ತೆ ಬಂದದ್ದು 2020ರ ಬಜೆಟ್ಟಿನಲ್ಲಿ, ಎರಡೂವರೆ ಕೋಟಿ ಡಾಲರು. ಅಷ್ಟು ಹೊತ್ತಿಗೆ ಡಿಕ್ಕಿ ತೀರಿಕೊಂಡಿದ್ದರು.

ಸಂಶೋಧನೆ ನಿಂತರೆ ಅದರ ಹಿಂದೆಯೇ ಪಾಠವೂ ನಿಲ್ಲುತ್ತದೆ. ಪುಸ್ತಕದಲ್ಲಿ ಅಧ್ಯಾಯ ಇಲ್ಲ, ಪರೀಕ್ಷೆಯಲ್ಲಿ ಪ್ರಶ್ನೆ ಇಲ್ಲ, ಹೇಳಿಕೊಡಬೇಕಾದ ಮೇಷ್ಟ್ರಿಗೇ ಗೊತ್ತಿಲ್ಲ. ಇದರ ಮೇಲೆ ಫ್ಲೋರಿಡಾ 2011ರಲ್ಲಿ, ಪೇಷೆಂಟಿನ ಮನೆಯಲ್ಲಿ ಬಂದೂಕು ಇದೆಯೇ ಎಂದು ವೈದ್ಯರು ಸಕಾರಣವಿಲ್ಲದೆ ಕೇಳಬಾರದು ಅಂತ ಕಾನೂನನ್ನೇ ಮಾಡಿತು. ಫೆಡರಲ್ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು, ವೈದ್ಯರ ವಾಕ್ ಸ್ವಾತಂತ್ರ್ಯದ ಆಧಾರದ ಮೇಲೆ. ಇವತ್ತು ಯಾವ ರಾಜ್ಯದಲ್ಲೂ ಕೇಳುವುದು ಅಪರಾಧವಲ್ಲ. ಆದರೂ ಪ್ರತಿ ವರ್ಷ ಹೊಸ ತಂಡದಲ್ಲಿ ಯಾರಾದರೊಬ್ಬರು ಕೈ ಎತ್ತಿ, "ಮೇಡಂ, ಇದನ್ನ ಕೇಳೋಕೆ ಕಾನೂನಿನಲ್ಲಿ ಅವಕಾಶ ಇದೆಯಾ?" ಅಂತ ಕೇಳುತ್ತಾರೆ. ಆ ಭಯ ಕಾನೂನಿಗಿಂತ ದೀರ್ಘಾಯು.

2018ರ ನವೆಂಬರಿನಲ್ಲಿ, ಬಂದೂಕು ಹಕ್ಕಿನ ಪರ ಹೋರಾಡುವ ರಾಷ್ಟ್ರೀಯ ರೈಫಲ್ ಸಂಘ (ಎನ್‌ಆರ್‌ಎ) ಟ್ವಿಟರಿನಲ್ಲಿ, ಡಾಕ್ಟರುಗಳು ತಮ್ಮ ಪಾಡಿಗೆ ತಾವಿರಲಿ ಅನ್ನುವ ಧಾಟಿಯಲ್ಲಿ ಬರೆಯಿತು. ಅದಕ್ಕೆ ಸಾವಿರಾರು ವೈದ್ಯರು ರಕ್ತ ಮೆತ್ತಿದ ತಮ್ಮ ಗೌನು, ಶೂಗಳ ಚಿತ್ರ ಹಾಕಿ ಉತ್ತರ ಕೊಟ್ಟರು. ಜಾನ್ಸ್ ಹಾಪ್ಕಿನ್ಸ್‌ನ ಟ್ರಾಮಾ ಸರ್ಜನ್ ಜೋಸೆಫ್ ಸಕ್ರಾನ್ ಅವರಲ್ಲೊಬ್ಬರು. 17ನೇ ವಯಸ್ಸಿನಲ್ಲಿ ದಾರಿತಪ್ಪಿದ ಗುಂಡೊಂದು ಅವರ ಗಂಟಲು ಸೀಳಿತ್ತು. ಕನ್ನಡದವರಿಗೆ ಇನ್ನೂ ಹತ್ತಿರದ ಉದಾಹರಣೆ ಡಾ. ವಿವೇಕ್ ಮೂರ್ತಿಯವರದು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನ. ಬಂದೂಕು ಆರೋಗ್ಯದ ವಿಷಯ ಎಂದು 2012ರಲ್ಲಿ ಒಂದು ಸಾಲು ಟ್ವೀಟ್ ಮಾಡಿದ್ದಕ್ಕೆ ಸರ್ಜನ್ ಜನರಲ್ ಹುದ್ದೆಗೆ, ಅಂದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಸರ್ಕಾರಿ ವೈದ್ಯರ ಹುದ್ದೆಗೆ, ಅವರ ನೇಮಕ ಒಂದು ವರ್ಷಕ್ಕೂ ಹೆಚ್ಚು ನೆನೆಗುದಿಗೆ ಬಿತ್ತು. 2014ರ ಡಿಸೆಂಬರಿನಲ್ಲಿ ಸೆನೆಟ್ 51-43ರಲ್ಲಿ ಒಪ್ಪಿತು. ಎರಡನೇ ಅವಧಿಯಲ್ಲಿ, 2024ರ ಜೂನ್‌ನಲ್ಲಿ, ಬಂದೂಕಿನ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಸಾರುವ ಸಲಹಾಪತ್ರವನ್ನು ಅವರು ಹೊರಡಿಸಿದರು. ಆ ಕಚೇರಿಯಿಂದ ಈ ವಿಷಯದ ಮೇಲೆ ಬಂದ ಮೊದಲ ಸಲಹಾಪತ್ರ ಅದು. 2025ರ ಮಾರ್ಚಿನಲ್ಲಿ ಹೊಸ ಸರ್ಕಾರ ಅದನ್ನು ತನ್ನ ಜಾಲತಾಣದಿಂದ ತೆಗೆದುಹಾಕಿತು. ನನ್ನ ಪಾಠದ ಕಡತದಲ್ಲಿ ಅದು ಇನ್ನೂ ಇದೆ.

ಈಗ ಪಾಠಕ್ಕೆ ಬರುತ್ತೇನೆ. ಸ್ಲೈಡ್ ತೋರಿಸಿ ಅಂಕಿಅಂಶ ಒದರಿದರೆ ಈ ವಿಷಯ ತಲೆಗೆ ಹೋಗುವುದಿಲ್ಲ. ಕೈಗೆ ವಸ್ತು ಕೊಡಬೇಕು. ನಮ್ಮ ಕಾರ್ಯಾಗಾರಕ್ಕೆ ಬೇಟೆಯ ಸುರಕ್ಷತೆ ಕಲಿಸುವ ನಿವೃತ್ತ ಪೊಲೀಸರೊಬ್ಬರು ಬರುತ್ತಾರೆ. ಉದ್ದ ಮೇಜಿನ ಮೇಲೆ ಗುಂಡು ಹಾರದಂತೆ ನಿಷ್ಕ್ರಿಯ ಮಾಡಿದ ಬಂದೂಕುಗಳನ್ನೂ ಪಕ್ಕದಲ್ಲಿ ಥರಾವರಿ ಬೀಗಗಳನ್ನೂ ಜೋಡಿಸುತ್ತಾರೆ. ತಂತಿಯ ಬೀಗ, ಟ್ರಿಗರಿಗೆ ಹಾಕುವ ಬೀಗ, ಹಾಸಿಗೆ ಪಕ್ಕದಲ್ಲಿಡುವ ಸಣ್ಣ ಪೆಟ್ಟಿಗೆ, ಬೀರುವಿನಷ್ಟು ದೊಡ್ಡ ತಿಜೋರಿಯ ಚಿತ್ರ. ಒಂದು ಪಿಸ್ತೂಲನ್ನು ರೆಸಿಡೆಂಟಿನ ಕೈಗೆ ಕೊಟ್ಟು, "ಖಾಲಿ ಮಾಡಿ" ಅನ್ನುತ್ತಾರೆ. ಅವನು ಹಿಡಿಯ ಗುಂಡಿಯೊತ್ತಿ ತೋಟಾ ತುಂಬುವ ಡಬ್ಬಿಯನ್ನು (ಮ್ಯಾಗಜೀನ್) ತೆಗೆದು ಮೇಜಿನ ಮೇಲಿಟ್ಟು ನಿರಾಳವಾಗುತ್ತಾನೆ. "ಈಗ ಖಾಲಿಯೇ?" ಹೌದು ಅನ್ನುತ್ತಾನೆ. ಅವರು ಅದನ್ನು ತೆಗೆದುಕೊಂಡು ಪಿಸ್ತೂಲಿನ ಮೇಲ್ಭಾಗದ ಜಾರುವ ಲೋಹದ ಭಾಗವನ್ನು (ಸ್ಲೈಡ್) ಹಿಂದಕ್ಕೆ ಎಳೆಯುತ್ತಾರೆ. ಒಳಗೆ ಉಳಿದಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ತೋಟಾ ಚಿಮ್ಮಿ ಮೇಜಿನ ಮೇಲೆ ಉರುಳುತ್ತದೆ. ಎಷ್ಟೋ ಮನೆಗಳಲ್ಲಿ ಖಾಲಿ ಎಂದುಕೊಂಡ ಪಿಸ್ತೂಲಿನಿಂದ ಮಕ್ಕಳು ಸಾಯುವುದು ಆ ಒಂದು ತೋಟಾದಿಂದ. ಆಮೇಲೆ ಎಲ್ಲರೂ ತಂತಿಯ ಬೀಗ ಹಾಕುವುದನ್ನು ಕಲಿಯುತ್ತಾರೆ: ತೋಟಾ ಹೊರಬೀಳುವ ಕಂಡಿಯಿಂದ ತಂತಿ ತೂರಿಸಿ, ಮ್ಯಾಗಜೀನ್ ಕೂರುವ ಜಾಗದಿಂದ ಹೊರಗೆಳೆದು ಬೀಗ ಬಿಗಿಯಬೇಕು. ತಂತಿ ಅಲ್ಲಿರುವ ತನಕ ಸ್ಲೈಡ್ ಮುಚ್ಚುವುದಿಲ್ಲ, ಮ್ಯಾಗಜೀನ್ ಕೂರುವುದಿಲ್ಲ. ಟ್ರಿಗರ್ ಬೀಗವನ್ನು ಗುಂಡು ತುಂಬಿದ ಬಂದೂಕಿಗೆ ಎಂದೂ ಹಾಕಬಾರದು, ಹಾಕುವಾಗಲೇ ಹಾರಬಹುದು. ಇಷ್ಟು ಗೊತ್ತಿಲ್ಲದ ಡಾಕ್ಟರು "ಸುರಕ್ಷಿತವಾಗಿ ಇಟ್ಟುಕೊಳ್ಳಿ" ಅಂದರೆ ಮೂವತ್ತು ವರ್ಷ ಬೇಟೆಯಾಡಿದ ರೈತ ತಲೆಯಾಡಿಸಿ ಎದ್ದು ಹೋಗುತ್ತಾನೆ, ಅಷ್ಟೆ.

ನಮ್ಮ ತಂಡದಲ್ಲಿ ಇದನ್ನು ಎಲ್ಲರಿಗಿಂತ ಸಲೀಸಾಗಿ ಮಾಡಿದವಳು ಕೊಡಗಿನ ಹುಡುಗಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು ಉಳ್ಳವರು) ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ವಿಸ್ತರಿಸಿದರು. ಕೋವಿಗೆ ಪೂಜೆ ಮಾಡುವ, ಮಗು ಹುಟ್ಟಿದಾಗ ಗುಂಡು ಹಾರಿಸುವ ಸಂಪ್ರದಾಯದಲ್ಲಿ ಬೆಳೆದವಳು ಅವಳು. ಚಹಾ ವಿರಾಮದಲ್ಲಿ ತನ್ನ ಜೊತೆಯವರಿಗೆ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಬಗ್ಗೆ ಹೇಳುತ್ತಿದ್ದಳು. ಗದ್ದೆ ಕೆಲಸದ ತಿಂಗಳುಗಳಲ್ಲಿ ಆಯುಧಗಳನ್ನು ಮನೆಯ ಪೂಜೆಯ ಕೋಣೆಯಲ್ಲಿ ಇಟ್ಟುಬಿಡುವುದು, ನಾಟಿ ಮುಗಿದ ಮೇಲೆ ಆ ದಿನ ತೆಗೆದು ಒರೆಸಿ ಹೂ ಇಟ್ಟು ಪೂಜಿಸುವುದು. "ನಮ್ಮ ಅಜ್ಜ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ ಇಡ್ತಿದ್ರು ಮೇಡಂ. ತೋಟಾ ಎಲ್ಲಿರುತ್ತೆ ಅಂತ ನಮಗೆ ಯಾರಿಗೂ ಹೇಳ್ತಿರಲಿಲ್ಲ" ಅಂದಳು. ಇಲ್ಲಿನ ವಯಸ್ಸಾದ ಬೇಟೆಗಾರರ ಎದುರು ಕೂತರೆ ಅವಳಿಗೆ ಪೀಠಿಕೆಯೇ ಬೇಡ. ಯಾವ ಬೇಟೆ, ಯಾರ ಕಾಲದ ಬಂದೂಕು ಅಂತ ವಿಚಾರಿಸುತ್ತಾಳೆ. ಅವರೂ ಅರಳುತ್ತಾರೆ. ಬೀಗದ ಮಾತು ಆ ಮಾತುಕತೆಯೊಳಗಿಂದ ತಾನಾಗಿ ಬರುತ್ತದೆ. ಬಂದೂಕಿನ ಮೇಲೆ ಗೌರವ ಇರುವವರ ಜೊತೆ ಆ ಗೌರವದ ನೆಲೆಯಿಂದಲೇ ಮಾತಾಡಬೇಕು ಅನ್ನುವುದನ್ನು ನಾನು ಯಾವ ಉಪನ್ಯಾಸದಲ್ಲೂ ಅಷ್ಟು ಚೆನ್ನಾಗಿ ತೋರಿಸಲಾರೆ.

ಉಳಿದವರು ಅಭ್ಯಾಸದಿಂದ ಕಲಿಯಬೇಕು. ಪೇಷೆಂಟಿನ ಪಾತ್ರ ಮಾಡುವ ತರಬೇತಾದ ಕಲಾವಿದರನ್ನು ಕೂರಿಸಿ ಸಂಭಾಷಣೆ ಮಾಡಿಸುತ್ತೇವೆ. "ಮನೆಯಲ್ಲಿ ಬಂದೂಕು ಇದೆಯೇ?" ಎಂದು ಠಾಣೆಯಲ್ಲಿ ಕೇಳಿದಂತೆ ಕೇಳಿದರೆ "ಇಲ್ಲ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು, "ಈ ಕಡೆ ಬಹಳ ಮನೆಗಳಲ್ಲಿ ಬಂದೂಕು ಇರುತ್ತೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದಾಗ ಅದನ್ನ ಸ್ವಲ್ಪ ದಿನ ಬೇರೆ ಥರ ಇಟ್ಟುಕೊಳ್ಳೋಣ ಅಂತ ನಾನು ಎಲ್ಲರಿಗೂ ಹೇಳ್ತೀನಿ. ನಿಮ್ಮಲ್ಲಿ ಹೇಗಿಟ್ಟಿದ್ದೀರಿ?" ಎಂದು ಶುರುಮಾಡಬಹುದು. ಬಂದೂಕು ಇರುವುದು ತಪ್ಪು ಎಂಬ ಧ್ವನಿ ಅದರಲ್ಲಿಲ್ಲ. ಉತ್ತರ ಬರುವ ತನಕ ಸುಮ್ಮನಿರುವುದನ್ನೂ ಕಲಿಸಬೇಕಾಗುತ್ತದೆ. ಹೊಸ ಡಾಕ್ಟರಿಗೆ ಮೌನ ತಡೆದುಕೊಳ್ಳುವುದು ಕಷ್ಟ.

ಪ್ರಶ್ನೆ ಕೇಳಿದ ಮೇಲೆ ಏನು? ಇಲ್ಲಿ ನನಗೆ ಯಾವಾಗಲೂ ನೆನಪಾಗುವುದು ದಾವಣಗೆರೆಯ ವಾರ್ಡು. ಎಂಬಿಬಿಎಸ್ ಓದುವಾಗ ಕ್ಯಾಶುವಾಲ್ಟಿಗೆ ಕೀಟನಾಶಕ ಕುಡಿದವರನ್ನು ಟ್ರ್ಯಾಕ್ಟರಿನಲ್ಲಿ, ಟೆಂಪೋದಲ್ಲಿ ಹೊತ್ತು ತರುತ್ತಿದ್ದರು. ಹೊಲಕ್ಕೆ ತಂದ ಬಾಟ್ಲಿ ಮನೆಯ ಅಟ್ಟದ ಮೇಲೆ ಇತ್ತು, ಜಗಳವಾಯಿತು, ಸಿಟ್ಟಿನಲ್ಲಿ ಕೈಗೆ ಸಿಕ್ಕಿತು. ವಿಷ ಇಳಿಸುವ ಅಟ್ರೊಪಿನ್ ಮದ್ದು ಏರಿಸುತ್ತ ರಾತ್ರಿಯಿಡೀ ಕೂತಾಗ ಬದುಕಿ ಉಳಿದವರು ಬೆಳಗ್ಗೆ ಕೇಳುತ್ತಿದ್ದದ್ದು, "ನಾ ಉಳಿತೀನಲ್ಲಮ್ಮಾ?" ಎಂದು. ಸಾಯುವ ಮನಸ್ಸು ಬಹಳಷ್ಟು ಸಲ ಸ್ವಲ್ಪ ಹೊತ್ತಿನದು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ ಹತ್ತು ಜನರಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಬಂದೂಕಿನ ಕ್ರೌರ್ಯ ಇರುವುದು ಇಲ್ಲೇ, ಮನಸ್ಸು ಬದಲಿಸಲು ಅದು ಹೊತ್ತು ಕೊಡುವುದಿಲ್ಲ. ಹಾಗಾಗಿ ಆ ಕೆಟ್ಟ ಘಳಿಗೆಗೂ ಆಯುಧಕ್ಕೂ ನಡುವೆ ದೂರ ಇಡುವುದು ನಿಜವಾದ ಚಿಕಿತ್ಸೆ. ಇಸ್ರೇಲಿನ ಸೇನೆ 2006ರಲ್ಲಿ ಸೈನಿಕರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ಬಂದೂಕನ್ನು ಶಿಬಿರದಲ್ಲೇ ಬಿಟ್ಟುಹೋಗಲಿ ಎಂದು ನಿಯಮ ಮಾಡಿದ ಮೇಲೆ ಅಲ್ಲಿ ಆತ್ಮಹತ್ಯೆಗಳು ಸುಮಾರು 40% ಇಳಿದವು.

ಆದರೆ ಬೀಗ ಎಲ್ಲಕ್ಕೂ ಮದ್ದಲ್ಲ. ಇದನ್ನು ನಾನು ರೆಸಿಡೆಂಟುಗಳಿಗೆ ಒತ್ತಿ ಹೇಳುತ್ತೇನೆ. ಶ್ರೀಲಂಕಾದ ಹಳ್ಳಿಗಳಲ್ಲಿ ಕೀಟನಾಶಕ ಇಡಲು ಬೀಗವಿರುವ ಪೆಟ್ಟಿಗೆ ಕೊಟ್ಟು ದೊಡ್ಡ ಅಧ್ಯಯನ ನಡೆಸಿದರು. 2017ರಲ್ಲಿ ಫಲಿತಾಂಶ ಬಂದಾಗ ಪೆಟ್ಟಿಗೆ ಕೊಟ್ಟ ಊರಿಗೂ ಕೊಡದ ಊರಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ದೇಶದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದಾಗ ಆತ್ಮಹತ್ಯೆಗಳು ಎರಡು ದಶಕದಲ್ಲಿ ಸುಮಾರು 70% ಕಡಿಮೆಯಾದವು. ನನಗೆ ತೋಚುವ ಕಾರಣವೊಂದು ಇದು: ಮನೆಯ ಪೆಟ್ಟಿಗೆಯ ಬೀಗದ ಕೈ ಅಪಾಯದಲ್ಲಿರುವ ಮನುಷ್ಯನ ಜೇಬಿನಲ್ಲೇ ಇದ್ದರೆ ಅದು ಇದ್ದೂ ಇಲ್ಲದ ಬೀಗ. ಬಂದೂಕಿನ ವಿಷಯದಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಬೀಗ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಇದೆ. ಬಂದೂಕಿಗೆ ಬೀಗ, ಗುಂಡು ಇಳಿಸಿಡುವುದು, ತೋಟಾಕ್ಕೆ ಬೇರೆ ಬೀಗ, ಎರಡನ್ನೂ ಬೇರೆ ಕಡೆ ಇಡುವುದು, ಈ ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳನ್ನು ಕಾಯುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿತು. ಆದರೆ ಖಿನ್ನತೆಯಲ್ಲಿರುವವನು ಮನೆಯ ಯಜಮಾನನೇ ಆಗಿದ್ದರೆ? ತಿಜೋರಿಯ ಅಂಕಿ ಅವನಿಗೆ ಬಾಯಿಪಾಠ. ಆಗ ಬೀಗದ ಕೈ ಹೆಂಡತಿಯ ಹತ್ತಿರವೋ ತಮ್ಮನ ಹತ್ತಿರವೋ ಹೋಗಬೇಕು. ಅದಕ್ಕಿಂತ ಒಳ್ಳೆಯದು, ಬಂದೂಕೇ ಸ್ವಲ್ಪ ಕಾಲ ಮನೆ ಬಿಟ್ಟು ಹೋಗುವುದು. ನಂಬಿಕಸ್ಥ ನೆಂಟರ ಮನೆಗೆ, ಇಟ್ಟುಕೊಳ್ಳಲು ಒಪ್ಪುವ ಬಂದೂಕಿನಂಗಡಿಗೆ, ಕೆಲವು ಊರುಗಳಲ್ಲಿ ಪೊಲೀಸ್ ಠಾಣೆಗೆ. ಅದಕ್ಕೇ "ಬೀಗ ಹಾಕಿದ್ದೀರಾ?" ಅಂತ ಕೇಳಿ ಹೌದು ಅಂದ ಕೂಡಲೇ ಮುಂದಕ್ಕೆ ಹೋಗಬೇಡಿ, "ಬೀಗದ ಕೈ ಯಾರ ಹತ್ತಿರ ಇದೆ?" ಅಂತಲೂ ಕೇಳಿ ಅನ್ನುತ್ತೇನೆ.

ಬಂದೂಕು ಮಾರುವವರನ್ನು ಎದುರಾಳಿಗಳೆಂದು ಭಾವಿಸುವ ರೆಸಿಡೆಂಟುಗಳಿಗೆ ನ್ಯೂ ಹ್ಯಾಂಪ್‌ಶೈರಿನ ಕಥೆ ಹೇಳುತ್ತೇನೆ. 2009ರಲ್ಲಿ ಒಂದು ವಾರದೊಳಗೆ, ಪರಸ್ಪರ ಸಂಬಂಧವೇ ಇಲ್ಲದ ಮೂವರು ಒಂದೇ ಅಂಗಡಿಯಲ್ಲಿ ಬಂದೂಕು ಕೊಂಡು ಕೆಲವೇ ಗಂಟೆಗಳಲ್ಲಿ ಪ್ರಾಣ ಕಳೆದುಕೊಂಡರು. ಸುದ್ದಿ ಕೇಳಿದ ಅಂಗಡಿಯ ಮಾಲೀಕರು ಆತ್ಮಹತ್ಯೆ ತಡೆಯುವ ಕಾರ್ಯಕರ್ತರ ಜೊತೆ ಸೇರಿಕೊಂಡರು. ಕಷ್ಟದಲ್ಲಿರುವ ಗಿರಾಕಿಯನ್ನು ಗುರುತಿಸುವುದು ಹೇಗೆ, ಮಾರಾಟ ಮುಂದೂಡುವುದು ಹೇಗೆ ಎಂದು ಬೇರೆ ಅಂಗಡಿಗಳವರಿಗೆ ಹೇಳಿಕೊಡಲು ಸಾಮಗ್ರಿ ತಯಾರಿಸಿದರು. ಆಮೇಲೆ ಅದು ಬೇರೆ ರಾಜ್ಯಗಳಿಗೂ ಹಬ್ಬಿತು. ಆ ಪ್ರಯತ್ನದಲ್ಲಿದ್ದ ಎಲೇನ್ ಫ್ರ್ಯಾಂಕ್ ಅವರು ಮಾರ್ಕ್ ಚೊಕ್ಕಾ ಜೊತೆ ರೂಪಿಸಿದ ಕಾಮ್ (CALM, ಪ್ರಾಣಾಂತಕ ಸಾಧನಗಳು ಕೈಗೆ ಸಿಗದಂತೆ ಮಾಡಲು ಸಲಹೆ ಕೊಡುವುದು ಹೇಗೆಂದು ಕಲಿಸುವುದು) ಎಂಬ ತರಬೇತಿ ಈಗ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. ನಮ್ಮ ರೆಸಿಡೆಂಟುಗಳು ಕಾರ್ಯಾಗಾರಕ್ಕೆ ಮೊದಲು ಅದನ್ನು ಮುಗಿಸಿ ಬರಬೇಕು.

ಮಕ್ಕಳ ಲೆಕ್ಕ ಬೇರೆಯೇ. 2020ರಲ್ಲಿ ಅಮೆರಿಕದಲ್ಲಿ 1ರಿಂದ 19 ವಯಸ್ಸಿನವರ ಸಾವಿಗೆ ಮೊದಲ ಕಾರಣ ಬಂದೂಕು ಆಯಿತು, ವಾಹನ ಅಪಘಾತವನ್ನು ಹಿಂದಿಕ್ಕಿ. ಸುಮಾರು 46 ಲಕ್ಷ ಮಕ್ಕಳು ಗುಂಡು ತುಂಬಿದ, ಬೀಗವಿಲ್ಲದ ಬಂದೂಕು ಇರುವ ಮನೆಗಳಲ್ಲಿದ್ದಾರೆ ಎಂದು 2021ರ ಸಮೀಕ್ಷೆ ಹೇಳುತ್ತದೆ. ಇಲ್ಲಿರುವ ಕನ್ನಡ ತಾಯಂದಿರಿಗೂ ಇದನ್ನು ಹೇಳಬೇಕು: ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಮಗು ಆಡಲು ಹೋಗುವ ಮನೆಯಲ್ಲಿ ಇರಬಹುದು. ಕಡಲೆಬೀಜದ ಅಲರ್ಜಿ ಬಗ್ಗೆ ಹೇಳಿಕಳಿಸುವಾಗಲೇ ಇದನ್ನೂ ಒಂದು ಮಾತು ಕೇಳಿ. ಸಂಕೋಚ ಬೇಡ, ಇಲ್ಲಿನ ಮಕ್ಕಳ ತಜ್ಞರ ಅಕಾಡೆಮಿಯೇ ಹಾಗೆ ಕೇಳಲು ಹೇಳುತ್ತದೆ.

ನಗರಗಳ ಕೊಲೆ, ಗುಂಪುಜಗಳದ ಗಾಯಗಳಿಗೆ ಪಾಠ ಬೇರೆ. ಓಕ್ಲೆಂಡಿನಲ್ಲಿ 1990ರ ದಶಕದಲ್ಲೇ, ಗುಂಡೇಟು ತಿಂದ ಹುಡುಗ ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿರುವಾಗಲೇ ಅವನ ಕೇರಿಯ, ಅವನಂತೆಯೇ ನೋವುಂಡ ಹಿರಿಯರೊಬ್ಬರು ಬಂದು ಕೂರುವ ವ್ಯವಸ್ಥೆ ಶುರುವಾಯಿತು. ಸೇಡಿನ ಮಾತು ತಣಿಸಿ, ಶಾಲೆ, ಕೆಲಸ, ಮನೆ ಹುಡುಕಿಕೊಡುವ ತನಕ ಜೊತೆಗಿರುತ್ತಾರೆ. ನನ್ನ ಹಳ್ಳಿಗಾಡಿನ ಅನುಭವ ಅಲ್ಲಿಗೆ ಸಾಲದು, ಅದನ್ನು ಅಲ್ಲಿ ದುಡಿಯುವವರಿಂದಲೇ ಕೇಳಿಸುತ್ತೇನೆ.

ಮರೆವಿನ ಕಾಯಿಲೆಯ ಅಜ್ಜಂದಿರದು ನನ್ನ ಕ್ಲಿನಿಕ್ಕಿನಲ್ಲಿ ದಿನನಿತ್ಯದ ಸಂಗತಿ. ಕಾರಿನ ಕೀ ಕಸಿದುಕೊಳ್ಳುವ ಮಾತನ್ನು ಮಕ್ಕಳು ಹೇಗೆ ಮುಂಚಿತವಾಗಿಯೇ ಆಡುತ್ತಾರೋ ಬಂದೂಕಿನದನ್ನೂ ಹಾಗೆಯೇ ಆಡಬೇಕು, ಅವರಿಗೆ ಇನ್ನೂ ತಿಳಿವಳಿಕೆ ಇರುವಾಗಲೇ. ಯಾವ ಬಂದೂಕು ಯಾವ ಮೊಮ್ಮಗನಿಗೆ ಎಂದು ಅಜ್ಜನೇ ಹಂಚಿಕೊಟ್ಟರೆ ಅದು ಅವಮಾನವಾಗುವುದಿಲ್ಲ.

ಕಾರ್ಯಾಗಾರದ ಕೊನೆಗೆ ಬರುವ ಪ್ರಶ್ನೆ ಪ್ರತಿ ವರ್ಷ ಒಂದೇ: ಪೇಷೆಂಟು ಒಪ್ಪದಿದ್ದರೆ? ಒಪ್ಪದವರು ಇದ್ದೇ ಇರುತ್ತಾರೆ. ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ಮನೋವೈದ್ಯರು, ತುರ್ತು ದಾಖಲಾತಿ, ಎಲ್ಲ ದಾರಿ ಬೇರೆ. ಇಲ್ಲದಿದ್ದರೆ ಬಲವಂತ ಇಲ್ಲ. ಮನೆಯವರ ಜೊತೆ ಮಾತಾಡಲು ಒಪ್ಪಿಗೆ ಕೇಳಿ, ಆತ್ಮಹತ್ಯೆ ತಡೆಯುವ 988 ಸಹಾಯವಾಣಿಯ ಸಂಖ್ಯೆ ಕೊಟ್ಟು, ತಂತಿಯ ಬೀಗವೊಂದನ್ನು ಕೈಗಿಟ್ಟು, ಎರಡು ವಾರಕ್ಕೆ ಮತ್ತೆ ಬರಹೇಳಿ, ಬಂದಾಗ ಮತ್ತೆ ಕೇಳಬೇಕು. (ಭಾರತದಲ್ಲಿ ಇದನ್ನು ಓದುತ್ತಿರುವ ಯಾರಿಗಾದರೂ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416.) ಬಂದೂಕನ್ನು ನೆಂಟರ ಮನೆಯಲ್ಲಿ ಇಡುವ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವೈದ್ಯರೇ ನ್ಯಾಯಾಲಯಕ್ಕೆ ಅರ್ಜಿ ಹಾಕಿ ತಾತ್ಕಾಲಿಕವಾಗಿ ಬಂದೂಕು ತೆಗೆಸುವ ಅವಕಾಶ ಮೇರಿಲ್ಯಾಂಡ್, ನ್ಯೂಯಾರ್ಕಿನಲ್ಲಿ ಇದೆ, ನಮ್ಮ ಮಿಸ್ಸೂರಿಯಲ್ಲಿ ಇಲ್ಲ. ಹಾಗಾಗಿ ಇಲ್ಲಿ ಮಾತೇ ಮುಖ್ಯ ಸಾಧನ. ಅದನ್ನು ಕಲಿಸಲು ನನಗೀಗ ಸಿಗುವುದು ವರ್ಷಕ್ಕೊಂದು ಮಧ್ಯಾಹ್ನ, ಅದೂ ಡಿಸೆಂಬರಿನಲ್ಲಿ. ಜುಲೈನಲ್ಲಿ ಹೊಸ ರೆಸಿಡೆಂಟುಗಳು ಸೇರಿದ ಮೊದಲ ವಾರವೇ, ಅವರು ಮೊದಲ ಪೇಷೆಂಟನ್ನು ನೋಡುವ ಮುಂಚೆ, ಬೇಟೆಯ ಕಾಲಕ್ಕೆ ಬಹಳ ಮೊದಲು, ಇದನ್ನು ಕಡ್ಡಾಯ ಮಾಡಿ ಎಂದು ಪಠ್ಯಕ್ರಮ ಸಮಿತಿಗೆ ಬರೆದುಕೊಟ್ಟಿದ್ದೇನೆ. ಒಪ್ಪುವ ತನಕ ಪ್ರತಿ ಸಭೆಯಲ್ಲೂ ಕೇಳುವವಳಿದ್ದೇನೆ.